ಕುಂಟುವವನು ಹತ್ತಿದ ಗೋಡೆ

ನಾನಿರುವ ಊರು ದಕ್ಷಿಣ ಕೊರಿಯಾದ ಸುವೊನ್. ದುಡಿಯುವ ಚಿಪ್ ಕಾರ್ಖಾನೆ ಪಕ್ಕದ ಹ್ವಾಸಂಗ್‌ನಲ್ಲಿದೆ. ಈಗ ಅಲ್ಲಿ ಎತ್ತ ನೋಡಿದರೂ ಅಪಾರ್ಟ್‌ಮೆಂಟುಗಳು. 1986ರಿಂದ 1991ರವರೆಗೆ ಅದೇ ಸೀಮೆಯಲ್ಲಿ, ಆಗಿನ್ನೂ ಗದ್ದೆಗಳ ನಡುವಿನ ಹಳ್ಳಿಗಳಲ್ಲಿ, ಹತ್ತು ಮಂದಿ ಹೆಣ್ಣುಮಕ್ಕಳ ಕೊಲೆಯಾಯಿತು. ಬಾಂಗ್ ಜೂನ್-ಹೊ 2003ರಲ್ಲಿ ತೆಗೆದ ‘ಮೆಮೊರೀಸ್ ಆಫ್ ಮರ್ಡರ್’ ಚಿತ್ರಕ್ಕೆ ಆಧಾರ ಈ ಕೊಲೆಗಳೇ. ಅದರಲ್ಲಿ ಪೊಲೀಸರು ಅಮಾಯಕನೊಬ್ಬನನ್ನು ಪತ್ರಕರ್ತರೆದುರು ಕರೆತಂದು ‘ಕೊಂದಂತೆ ಮಾಡಿ ತೋರಿಸು’ ಎನ್ನುವ ದೃಶ್ಯವಿದೆ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಆಮೇಲೆ ಎಂಟನೆಯ ಕೊಲೆಯ ಬಗ್ಗೆ ಓದಿದೆ.

1988ರ ಸೆಪ್ಟೆಂಬರಿನಲ್ಲಿ 13 ವರ್ಷದ ಹುಡುಗಿಯೊಬ್ಬಳು ತನ್ನ ಮನೆಯಲ್ಲೇ ಕೊಲೆಯಾದಳು. ಮರುವರ್ಷ ಜುಲೈನಲ್ಲಿ ಪೊಲೀಸರು ಹಿಡಿದದ್ದು ಬೇಸಾಯದ ಯಂತ್ರ ರಿಪೇರಿ ಮಾಡುತ್ತಿದ್ದ 22ರ ಯುವಕನನ್ನು. ಪ್ರಾಥಮಿಕ ಶಾಲೆಯನ್ನೂ ಮುಗಿಸದವನು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಕುಂಟುತ್ತಿದ್ದ. ಮೂರು ದಿನ ನಿದ್ದೆ ಮಾಡಲು ಬಿಡಲಿಲ್ಲ ಎಂದು ಆತ ಮುಂದೆ ಹೇಳಿದ. ತಪ್ಪೊಪ್ಪಿಗೆ ಸಿಕ್ಕಿತು: ಗೋಡೆ ಹತ್ತಿ ಒಳಗೆ ಹೋದೆ, ಕೊಂದೆ. ಬಳಿಕ ಆ ಮನೆಗೇ ಕರೆದೊಯ್ದು, ಗೋಡೆ ಹತ್ತುವುದನ್ನು ಆಡಿಸಿ ತೋರಿಸಿದರು.

ಕಾನೂನು ಇರಲಿಲ್ಲವೇ? ಇತ್ತು. ಕೊರಿಯಾದ ಸಂವಿಧಾನದ 12ನೇ ವಿಧಿಯ ಪ್ರಕಾರ ಹಿಂಸಿಸಿ ಪಡೆದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ತಪ್ಪೊಪ್ಪಿಗೆಯೊಂದೇ ಸಾಕ್ಷ್ಯವಾಗಿದ್ದರೆ ಶಿಕ್ಷೆಯಿಲ್ಲ. ಹಾಗಾಗಿ ಪೊಲೀಸರಿಗೆ ಎರಡನೆಯದೊಂದು ಬೇಕಿತ್ತು. ಒಂದು ಕೂದಲ ಪರೀಕ್ಷೆಯ ವರದಿ ಬಂತು, ಅದು ನಂಬಲರ್ಹವಲ್ಲ ಎಂದು ತಿಳಿದದ್ದು ಮೂವತ್ತು ವರ್ಷದ ಮೇಲೆ. ಜೊತೆಗೆ ಈ ಮರುನಟನೆ. ನನ್ನ ಮಟ್ಟಿಗೆ ಮರುನಟನೆ ಹೊಸ ಸಾಕ್ಷ್ಯವೇ ಅಲ್ಲ. ಬಾಯಲ್ಲಿ ಹೇಳಿಸಿದ್ದನ್ನೇ ಕೈಕಾಲಿನಲ್ಲಿ ಹೇಳಿಸುವುದು. ಆದರೆ ಕಣ್ಣಾರೆ ಕಂಡವರಿಗೆ, ಫೋಟೊ ನೋಡಿದವರಿಗೆ, ಅದು ಬೇರೆಯೇ ಪುರಾವೆಯಂತೆ ಕಾಣುತ್ತದೆ. ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್ 1987ರಲ್ಲೇ ಬಲವಂತದ ಮರುನಟನೆಯನ್ನು ಬಲವಂತದ ತಪ್ಪೊಪ್ಪಿಗೆಯ ಸಾಲಿನಲ್ಲಿಟ್ಟು ತಳ್ಳಿಹಾಕಿತ್ತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಸೋದರಮಾವ. ನಮ್ಮಲ್ಲಿ ಪೊಲೀಸರೆದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿದ್ದುದು ಅದನ್ನೇ. ಆದರೆ 27ನೇ ಕಲಮು ಒಂದು ಕಿಂಡಿ ಬಿಟ್ಟಿತು: ಆರೋಪಿ ಹೇಳಿದ್ದರಿಂದ ಏನಾದರೂ ಪತ್ತೆಯಾದರೆ ಅಷ್ಟು ಮಾತು ಮಾತ್ರ ನಡೆಯುತ್ತದೆ. ಕೋಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಈ ಗೆರೆಯನ್ನು ಬಿಗಿಯಾಗಿ ಎಳೆಯಿತು. ‘ಚಾಕು ಅಲ್ಲಿಟ್ಟಿದ್ದೇನೆ’ ಎಂಬುದು ನಡೆಯುತ್ತದೆ, ‘ಅದರಿಂದಲೇ ಇರಿದೆ’ ಎಂಬುದು ನಡೆಯುವುದಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲೂ ಬಾಗಿಲು, ಕಿಂಡಿ ಎರಡೂ 23ನೇ ಕಲಮಿನಲ್ಲಿ ಉಳಿದಿವೆ.

ಆ ಪತ್ತೆಗೆ ಮಹಜರು ಬೇಕು, ಮಹಜರಿಗೆ ಪಂಚರು ಬೇಕು. ನಮ್ಮೂರಿನ ಒಂದು ಕೊಲೆ ಕೇಸಿನಲ್ಲಿ ಪಂಚರಲ್ಲೊಬ್ಬರು ಮಾವ. ಕುಡುಗೋಲು ಸಿಕ್ಕಿದ ಹಳ್ಳದ ಕಡೆಗೆ ಅವರು ಹೋಗಿಯೇ ಇರಲಿಲ್ಲ. ಠಾಣೆಯಲ್ಲಿ ಕೂರಿಸಿ ಕಾಫಿ ಕೊಟ್ಟು ಸಹಿ ಹಾಕಿಸಿಕೊಂಡಿದ್ದರು. ಕೋರ್ಟಿನಲ್ಲಿ ಅದನ್ನೇ ಹೇಳಿದರು. ಸರ್ಕಾರಿ ವಕೀಲರು ‘ಪ್ರತಿಕೂಲ ಸಾಕ್ಷಿ’ ಎಂದರು. ಊರಿನವರು ದುಡ್ಡು ತಿಂದ ಎಂದರು. ಸತ್ತವನ ಅಣ್ಣ ಸಂತೆಯಲ್ಲಿ ಎದುರಾದರೆ ಈಗಲೂ ಮುಖ ತಿರುಗಿಸುತ್ತಾನೆ.

ಹ್ವಾಸಂಗ್‌ನ ಯುವಕ ಮೊದಲ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ, ಜೀವಾವಧಿ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ‘ಹಿಂಸಿಸಿ ಹೇಳಿಸಿದರು’ ಎಂದಾಗ ಯಾರೂ ನಂಬಲಿಲ್ಲ. ಇಪ್ಪತ್ತು ವರ್ಷ ಒಳಗಿದ್ದು 2009ರಲ್ಲಿ ಪೆರೋಲ್ ಮೇಲೆ ಬಂದ. 2019ರಲ್ಲಿ ಡಿಎನ್‌ಎ ಪರೀಕ್ಷೆ ಈ ಸರಣಿಯ ಕೊಲೆಗಳನ್ನು ಲೀ ಚುನ್-ಜೆ ಎಂಬ ಇನ್ನೊಬ್ಬ ಜೀವಾವಧಿ ಕೈದಿಗೆ ಜೋಡಿಸಿತು. ಎಂಟನೆಯದೂ ತನ್ನದೇ ಎಂದು ಅವನು ಒಪ್ಪಿಕೊಂಡ. ಕಾಲಮಿತಿ ಮುಗಿದಿದ್ದರಿಂದ ಅವನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. 2020ರ ಡಿಸೆಂಬರ್ 17ರಂದು ನಮ್ಮ ಸುವೊನ್‌ನ ಜಿಲ್ಲಾ ನ್ಯಾಯಾಲಯ ಆ ಕುಂಟುವವನನ್ನು ನಿರ್ದೋಷಿ ಎಂದಿತು. ನ್ಯಾಯಾಧೀಶರು ನ್ಯಾಯಾಂಗದ ಪರವಾಗಿ ಕ್ಷಮೆ ಕೇಳಿದರು. ಆಗ ಅವನಿಗೆ 53.

ಫೋನಿನಲ್ಲಿ ಮಾವನಿಗೆ ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಆ ಗೋಡೆ ಹತ್ತಿಸುವಾಗ ನೋಡ್ತಾ ನಿಂತಿದ್ದೋರು ಎಷ್ಟು ಜನ ಇದ್ರಂತಪ್ಪಾ?” ಎಂದು ಕೇಳಿದರು.