ವಿದ್ಯಾರ್ಥಿಯ ಜೊತೆ ನಡೆದ ಹಿರಿಯರು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ನಮ್ಮ ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ಪುಟಪುಟವಾಗಿ ನೋಡುವ ಭಾಗ್ಯ ನನಗೆ ಒದಗಿತು. ಗಂಟೆ ತರಿಸಿದ ವರ್ಷ, ಬಲಿಪೀಠ ಕಟ್ಟಿಸಿದವರ ಹೆಸರು, ಹೆಂಚು ಬದಲಾಯಿಸಲು ತಗುಲಿದ ಖರ್ಚು, ಜ್ಞಾನಸ್ನಾನ, ವಿವಾಹ, ಮರಣ ಎಲ್ಲವೂ ಅಲ್ಲಿ ಅಚ್ಚುಕಟ್ಟಾಗಿ ನಮೂದಾಗಿವೆ. ಆದರೆ ಹೈಸ್ಕೂಲಿಗೆ ಹೋಗುವ ಹುಡುಗನೊಬ್ಬನ ಮನೆಗೆ ವಾರವಾರವೂ ಹೋಗಿ, ಪಕ್ಕದಲ್ಲಿ ಕುಳಿತು ಪುಸ್ತಕ ತೆರೆಸಿ, ಅವನ ಮನಸ್ಸಿನ ಕಷ್ಟವನ್ನು ಕೇಳಿ ಬಂದ ಹಿರಿಯರೊಬ್ಬರ ಹೆಸರೂ ಅಲ್ಲಿಲ್ಲ. ಅಂಥವರು ಇರಲಿಲ್ಲವೆಂದು ಇದರ ಅರ್ಥವಲ್ಲ. ಅಂಥ ದಾನಕ್ಕೆ ರಸೀದಿ ಬರೆದುಕೊಡುವ ಪದ್ಧತಿ ಎಲ್ಲಿಯೂ ಇಲ್ಲ, ಅಷ್ಟೆ.

ಧರ್ಮಸಭೆಯ ದೊಡ್ಡ ಚರಿತ್ರೆಯಲ್ಲಿಯೂ ಹೀಗೆಯೇ ಆಗಿದೆ. ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಹೆಸರನ್ನು ಕೇಳದ ಕಥೋಲಿಕರು ನಮ್ಮಲ್ಲಿ ವಿರಳ. ಅದರ ಸ್ಥಾಪಕರಲ್ಲಿ ಪ್ರಮುಖರಾದ ಫ್ರೆಡರಿಕ್ ಓಜನಾಮರನ್ನು 1997ರ ಆಗಸ್ಟ್ 22ರಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಪ್ಯಾರಿಸ್ಸಿನಲ್ಲಿ ಪುನೀತ ಪದವಿಗೇರಿಸಿದರು. ಓಜನಾಮರನ್ನು ನಾವು ಬಲ್ಲೆವು. ಅವರು ಹುಡುಗರಾಗಿದ್ದಾಗ ಅವರ ಜೊತೆಗಿದ್ದ ಹಿರಿಯರು ಯಾರೆಂದು ಕೇಳಿದರೆ ಸಭೆಯ ಸದಸ್ಯರೇ ತಡವರಿಸುತ್ತಾರೆ.

ಓಜನಾಮರು ಫ್ರಾನ್ಸ್ ದೇಶದ ಲಿಯೋನ್ ನಗರದ ವೈದ್ಯರೊಬ್ಬರ ಮಗ. 1813ರಲ್ಲಿ ಜನನ. ಹದಿನೈದು ಹದಿನಾರರ ವಯಸ್ಸಿನಲ್ಲಿ, ಅಂದರೆ ನಮ್ಮ ಮಕ್ಕಳು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವ ಪ್ರಾಯದಲ್ಲಿ, ಆ ಬುದ್ಧಿವಂತ ಹುಡುಗನ ವಿಶ್ವಾಸವೇ ಅಲುಗಾಡಿತು. ದೇವರಿದ್ದಾರೆಯೇ, ಕಲಿತದ್ದೆಲ್ಲ ನಿಜವೇ ಎಂಬ ಸಂದೇಹ ಹಗಲಿರುಳೂ ಪೀಡಿಸಿತು. ಅವರ ತತ್ತ್ವಶಾಸ್ತ್ರದ ಉಪಾಧ್ಯಾಯರಾದ ನ್ವಾರೋ ಎಂಬ ಗುರುಗಳು ಗದರಿಸಲಿಲ್ಲ, ತಂದೆತಾಯಿಗೆ ದೂರು ಕಳುಹಿಸಲಿಲ್ಲ. ಹುಡುಗನನ್ನು ಜೊತೆಗೆ ಕರೆದುಕೊಂಡು ಊರಾಚೆ ದೂರದೂರ ನಡೆದುಹೋಗುತ್ತಿದ್ದರು. ನಡೆಯುತ್ತ ನಡೆಯುತ್ತ ಪ್ರಶ್ನೆ ಕೇಳುವುದು, ಉತ್ತರವನ್ನು ಅವನ ಬಾಯಿಂದಲೇ ಹೊರಡಿಸುವುದು ಅವರ ಕ್ರಮ. ತರಗತಿಯಲ್ಲಿ ಬೇರೆ ಹುಡುಗರೂ ಇದ್ದರು. ಕಲಿಸಬೇಕಾದ ಪಾಠವೂ ಇತ್ತು. ಆ ನಡಿಗೆ ಮಾತ್ರ ಯಾರೂ ಅವರಿಗೆ ಒಪ್ಪಿಸಿದ ಕೆಲಸವಾಗಿರಲಿಲ್ಲ. ಸಂದೇಹ ಕಳೆಯಿತು, ಸತ್ಯದ ಸೇವೆಗೆ ತನ್ನ ಬಾಳನ್ನು ಮೀಸಲಿಡುವುದಾಗಿ ಆ ಹುಡುಗ ದೇವರಿಗೆ ಮಾತುಕೊಟ್ಟ.

1831ರಲ್ಲಿ ಓಜನಾಮರು ಕಾನೂನು ವ್ಯಾಸಂಗಕ್ಕೆಂದು ಪ್ಯಾರಿಸ್ಸಿಗೆ ಬಂದರು. ದೊಡ್ಡ ಪಟ್ಟಣ, ಪರಿಚಯವಿಲ್ಲದ ಜನ, ಇಳಿದುಕೊಂಡ ವಸತಿಗೃಹದಲ್ಲಿ ಧರ್ಮವನ್ನು ಹಾಸ್ಯಮಾಡುವ ಸಹವಾಸಿಗಳು. ಓದಿಗಾಗಿ ಬೆಂಗಳೂರಿಗೆ ಹೋದ ನಮ್ಮ ಮಕ್ಕಳ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಗ ತಮ್ಮದೇ ಊರಿನವರಾದ ಹಿರಿಯರೊಬ್ಬರನ್ನು ಕಾಣಲು ಅವರು ಹೋದರು. ಆ ಹಿರಿಯರು ಮಗ ಪರದೇಶಕ್ಕೆ ಹೋಗಿ ತೆರವಾಗಿದ್ದ ಕೊಠಡಿಯನ್ನು ತೋರಿಸಿ, ಇಲ್ಲಿಯೇ ಇದ್ದುಬಿಡು ಎಂದರು. ಅವರ ಹೆಸರು ಆಂದ್ರೆ ಮರಿ ಆಂಪಿಯರ್. ನಮ್ಮ ಹತ್ತನೆಯ ತರಗತಿಯ ಮಕ್ಕಳು ವಿದ್ಯುತ್ತಿನ ಪಾಠದಲ್ಲಿ ಕಲಿಯುವ ಆಂಪಿಯರ್ ಎಂಬ ಮಾನಕ್ಕೆ ಹೆಸರು ಕೊಟ್ಟ ವಿಜ್ಞಾನಿ ಇವರೇ. ಆಗ ಅವರಿಗೆ ಐವತ್ತಾರು ವರ್ಷ, ಬಂದ ಹುಡುಗನಿಗೆ ಹದಿನೆಂಟು.

ಆಂಪಿಯರರ ತಾರುಣ್ಯವೂ ಸುಖದ್ದಲ್ಲ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಅವರ ತಂದೆಯನ್ನು ಲಿಯೋನಿನಲ್ಲಿ ಶಿರಚ್ಛೇದ ಯಂತ್ರಕ್ಕೆ ಒಡ್ಡಿದರು. ಹದಿನೆಂಟರ ಮಗ ಬಹುಕಾಲ ಮಂಕು ಕವಿದವನಂತೆ ಇದ್ದ, ಪುಸ್ತಕ ಮುಟ್ಟಲಿಲ್ಲ. ಕತ್ತಲೆಯನ್ನು ಸ್ವತಃ ಕಂಡವರಾದ್ದರಿಂದಲೋ ಏನೋ, ಊರು ಬಿಟ್ಟು ಬಂದ ತರುಣನ ಮುಖ ನೋಡಿದೊಡನೆ ಅವರಿಗೆ ವಿಷಯ ತಿಳಿಯಿತು ಎಂಬುದು ನನ್ನ ಊಹೆ. ಒಮ್ಮೆ ಓಜನಾಮರು ಮನಸ್ಸು ಕುಗ್ಗಿ ಹತ್ತಿರದ ದೇವಾಲಯವೊಂದನ್ನು ಹೊಕ್ಕಾಗ, ಆ ಮಹಾವಿಜ್ಞಾನಿ ಮೂಲೆಯಲ್ಲಿ ಮೊಣಕಾಲೂರಿ ಜಪಸರ ಹೇಳುತ್ತಿದ್ದುದನ್ನು ಕಂಡರೆಂದು ಜೀವನಚರಿತ್ರಕಾರರು ತಿಳಿಸುತ್ತಾರೆ. ಆಂಪಿಯರರು ಹುಡುಗನಿಗೆ ತೋರಿಸಬೇಕೆಂದು ಪ್ರಾರ್ಥಿಸುತ್ತಿರಲಿಲ್ಲ. ಅವನು ಅಲ್ಲಿರುವುದೇ ಅವರಿಗೆ ಗೊತ್ತಿರಲಿಲ್ಲ.

ಮೂರನೆಯವರು ಎಮ್ಯಾನುವೆಲ್ ಬೈಲಿ, ಪತ್ರಿಕಾ ಸಂಪಾದಕರು, ಗೃಹಸ್ಥರು. ವಿದ್ಯಾರ್ಥಿಗಳು ಕೂಡಿ ಚರ್ಚಿಸಲು ಸ್ಥಳವನ್ನೂ ಸಮಯವನ್ನೂ ಕೊಟ್ಟವರು ಇವರೇ. ಆ ಚರ್ಚೆಗಳಲ್ಲಿ ಪ್ರತಿಪಕ್ಷದವರು, ನಿಮ್ಮ ಧರ್ಮಸಭೆ ಈಗ ಬಡವರಿಗಾಗಿ ಏನು ಮಾಡುತ್ತಿದೆ ಎಂದು ಕೇಳಿ ಚುಚ್ಚಿದಾಗ, ಹುಡುಗರು ನೊಂದು ಬೈಲಿಯವರ ಬಳಿಗೇ ಬಂದರು. 1833ರ ಏಪ್ರಿಲ್ 23ರಂದು, ಓಜನಾಮರಿಗೆ ಇಪ್ಪತ್ತು ತುಂಬಿದ ದಿನವೇ, ಬೈಲಿಯವರ ಪತ್ರಿಕಾ ಕಚೇರಿಯಲ್ಲಿ ಆರು ವಿದ್ಯಾರ್ಥಿಗಳೂ ಮೂವತ್ತೊಂಬತ್ತರ ಆ ಹಿರಿಯರೂ ಸೇರಿದರು. ಬಡವರ ನಡುವೆ ದುಡಿಯುತ್ತಿದ್ದ ಧರ್ಮಭಗಿನಿ ರೋಸಲಿಯವರ ಬಳಿಗೆ ಅವರನ್ನು ಕಳುಹಿಸಿದವರು ಬೈಲಿ. ಭೇಟಿ ಮಾಡಬೇಕಾದ ಕುಟುಂಬಗಳನ್ನು ತೋರಿಸಿಕೊಟ್ಟವರು ಆ ಭಗಿನಿ. ಅವರೂ 2003ರಲ್ಲಿ ಪುನೀತರ ಸಾಲಿಗೆ ಸೇರಿದರು. ಬೈಲಿಯವರು 1844ರವರೆಗೆ, ಹನ್ನೊಂದು ವರ್ಷ, ಸಭೆಯ ಅಧ್ಯಕ್ಷರಾಗಿದ್ದರು. ಹನ್ನೊಂದು ವರ್ಷವೆಂಬ ಈ ಸಂಖ್ಯೆಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಸಂತ ಜಾನ್ ಬೋಸ್ಕೋರವರ ಕಥೆ ನಮ್ಮವರಿಗೆ ಸುಪರಿಚಿತ; ಆದ್ದರಿಂದ ಒಂದೇ ಸಂಗತಿ ಹೇಳುತ್ತೇನೆ. 1829ರಲ್ಲಿ, ಹದಿನಾಲ್ಕರ ಬಡಹುಡುಗ ಜಾನ್ ಪಕ್ಕದೂರಿನಲ್ಲಿ ಪ್ರಸಂಗ ಕೇಳಿ ಮನೆಗೆ ಮರಳುವಾಗ, ದಾರಿಯಲ್ಲಿ ಜೊತೆಯಾದ ಕಲೊಸ್ಸೊ ಎಂಬ ವೃದ್ಧ ಗುರುಗಳು, ಕೇಳಿದ ಪ್ರಸಂಗದಲ್ಲಿ ನಾಲ್ಕು ಮಾತು ಹೇಳು ನೋಡೋಣ ಎಂದರು. ಹುಡುಗ ಪ್ರಸಂಗವನ್ನೇ ಒಪ್ಪಿಸಿದ. ಅಂದಿನಿಂದ ಲತೀನ್ ಪಾಠ, ಆಶ್ರಯ, ತಂದೆಯಿಲ್ಲದ ಮಗುವಿಗೆ ತಂದೆಯ ಅಕ್ಕರೆ. ಮರುವರ್ಷವೇ ಕಲೊಸ್ಸೊ ತೀರಿಕೊಂಡರು. ಮಗುವಿನ ದುಃಖ ಎಷ್ಟು ದೀರ್ಘವಾಗಿತ್ತೆಂಬುದನ್ನು ಸಂತರು ತಮ್ಮ ನೆನಪುಗಳಲ್ಲಿ ತಾವೇ ಬರೆದಿಟ್ಟಿದ್ದಾರೆ. ಆಧಾರವೊಂದು ಸಿಕ್ಕು ಮತ್ತೆ ಕೈಬಿಟ್ಟುಹೋದರೆ ಎಳೆಯ ಮನಸ್ಸಿಗೆ ಏನಾಗುತ್ತದೆಂದು ಅವರು ಸ್ವಾನುಭವದಿಂದ ಬಲ್ಲವರಾಗಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ ಈ ಕಾರ್ಯಕ್ಕೆ ಒಂದು ವ್ಯವಸ್ಥೆಯ ರೂಪ ಬಂದಿತು. ಮಕ್ಕಳ ನ್ಯಾಯಾಲಯಕ್ಕೆ ಬರುತ್ತಿದ್ದ ಹುಡುಗಿಯರಿಗೆ ನಮ್ಮ ಕಥೋಲಿಕ ಮಹಿಳೆಯರು 1902ರಲ್ಲಿ ಅಕ್ಕಂದಿರಾಗಿ ನಿಂತರು. 1904ರಲ್ಲಿ ಅದೇ ನ್ಯಾಯಾಲಯದ ಗುಮಾಸ್ತರಾದ ಅರ್ನೆಸ್ಟ್ ಕೌಲ್ಟರ್ ಎಂಬವರು ಪ್ರಾಟೆಸ್ಟಂಟ್ ದೇವಾಲಯವೊಂದರ ಪುರುಷರ ಮುಂದೆ ಹುಡುಗರ ಗೋಳನ್ನು ತೋಡಿಕೊಂಡಾಗ, ಅಲ್ಲಿದ್ದ ನಲವತ್ತು ಮಂದಿ ತಲೆಗೊಬ್ಬ ಹುಡುಗನಿಗೆ ಅಣ್ಣನಾಗಲು ಒಪ್ಪಿದರು. ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಸಂಸ್ಥೆಗೆ ಇದೇ ಬೀಜ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಸಂಸ್ಥೆಗೆ ಬಂದ, ಹತ್ತರಿಂದ ಹದಿನಾರು ವಯಸ್ಸಿನ 959 ಮಕ್ಕಳನ್ನು ಹದಿನೆಂಟು ತಿಂಗಳು ಗಮನಿಸಿದ್ದರು. ಹಿರಿಯರ ಜೊತೆ ದೊರೆತ ಮಕ್ಕಳು ಮಾದಕ ವಸ್ತುವಿನ ಅಭ್ಯಾಸಕ್ಕೆ ತೊಡಗುವ ಸಂಭವ ಉಳಿದವರಿಗಿಂತ ಶೇಕಡಾ 46ರಷ್ಟು ಕಡಿಮೆಯಿತ್ತು. ಶಾಲೆಗೆ ಚಕ್ಕರ್ ಹೊಡೆಯುವುದೂ ಸುಮಾರು ಅರ್ಧಕ್ಕಿಳಿದಿತ್ತು. ಆ ಹಿರಿಯರು ಪಾಠ ಹೇಳುವವರಲ್ಲ. ತಿಂಗಳಿಗೆ ಮೂರು ನಾಲ್ಕು ಬಾರಿ ಕೆಲವು ಗಂಟೆ ಜೊತೆಗಿರುವವರು. ಅದೇ ಕಾಲದ ಇನ್ನೊಂದು ಅಧ್ಯಯನ ಹುಡುಗನನ್ನು ತಿದ್ದಿಯೇ ತೀರುತ್ತೇನೆಂದು ಹೊರಟ ಹಿರಿಯರ ಸಂಬಂಧಗಳೇ ಬೇಗ ಮುರಿದುಬಿದ್ದುದನ್ನು ತೋರಿಸಿತು. ಪ್ರಸಂಗ ಹೇಳುವುದೇ ವೃತ್ತಿಯಾದ ನನ್ನಂಥವರಿಗೆ ಇದು ನುಂಗಲಾರದ ಮಾತು.

2002ರಲ್ಲಿ ಪ್ರಕಟವಾದ ಸಂಶೋಧನೆ ಇನ್ನೂ ಕಠಿಣವಾದ ಸತ್ಯವನ್ನು ಹೇಳಿತು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನಡೆದ ಸಂಬಂಧಗಳಿಂದ ಮಕ್ಕಳಿಗೆ ಅತಿ ಹೆಚ್ಚು ಒಳಿತಾಯಿತು. ಮೂರು ತಿಂಗಳೊಳಗೆ ಮುರಿದ ಸಂಬಂಧಗಳಿಂದ ಕೆಲವು ಮಕ್ಕಳ ಆತ್ಮಗೌರವ ಮೊದಲಿದ್ದುದಕ್ಕಿಂತಲೂ ಕುಗ್ಗಿತು. ಆರಂಭಿಸಿ ಬಿಡುವುದಕ್ಕಿಂತ ಆರಂಭಿಸದಿರುವುದೇ ಲೇಸೆಂದಾಯಿತು.

ಈ ಸಾಲುಗಳನ್ನು ಓದಿದಾಗ ನನಗೆ ನೆನಪಾದವನು ಒಬ್ಬ ಹುಡುಗ. ಹಿಂದಿನ ಧರ್ಮಕೇಂದ್ರವೊಂದರಲ್ಲಿ ನಾನು ಹತ್ತನೆಯ ತರಗತಿಯ ಮಕ್ಕಳಿಗಾಗಿ ಬುಧವಾರ ಸಂಜೆಗಳ ಏರ್ಪಾಡು ಮಾಡಿದ್ದೆ. ಊರಿನ ಕೆಲವು ಹಿರಿಯರೂ ಬರುತ್ತಿದ್ದರು. ಆದರೆ ಎಲ್ಲ ಹಗ್ಗಗಳೂ ನನ್ನ ಕೈಯಲ್ಲೇ ಇದ್ದವು. ಆ ಹುಡುಗನಿಗೆ ಗಣಿತವೆಂದರೆ ಭಯ. ಮನೆಯಲ್ಲಿ ತಂದೆಯ ಕುಡಿತ. ನವೆಂಬರಿನಲ್ಲಿ ನನಗೆ ವರ್ಗಾವಣೆಯಾಯಿತು. ಬೀಳ್ಕೊಡುಗೆ ಸಮಾರಂಭ ಚೆನ್ನಾಗಿಯೇ ನಡೆಯಿತು, ಹಾರ ಶಾಲುಗಳಿಗೆ ಕೊರತೆಯಿರಲಿಲ್ಲ. ಹಲವು ವರ್ಷಗಳ ಮೇಲೆ ಬಸ್ ನಿಲ್ದಾಣವೊಂದರಲ್ಲಿ ಅವನೇ ಗುರುತು ಹಿಡಿದು ಬಂದು ಮಾತಾಡಿಸಿದ. ಪರೀಕ್ಷೆಗೆ ಕುಳಿತಿರಲಿಲ್ಲವಂತೆ. "ನೀವು ಹೋದ ಮೇಲೆ ಎರಡು ಬುಧವಾರ ಬಂದು ನೋಡಿದೆ ಫಾದರ್, ಬಾಗಿಲಿಗೆ ಬೀಗ ಹಾಕಿತ್ತು" ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ನನ್ನ ಚೀಲವನ್ನು ತಾನೇ ಎತ್ತಿ ಬಸ್ಸಿನೊಳಗಿಟ್ಟ.

ನಾವು ಗುರುಗಳು ಐದಾರು ವರ್ಷಕ್ಕೊಮ್ಮೆ ಧರ್ಮಾಧ್ಯಕ್ಷರ ಆಜ್ಞೆಯಂತೆ ಊರು ಬದಲಿಸುವವರು. ಊರಿನಲ್ಲೇ ಬಾಳುವವರು ನೀವು. ನಿವೃತ್ತ ಉಪಾಧ್ಯಾಯರು, ಬ್ಯಾಂಕಿನಲ್ಲಿದ್ದವರು, ದರ್ಜಿಗಳು, ವಿದ್ಯುತ್ ಕೆಲಸ ಬಲ್ಲವರು, ಮಕ್ಕಳನ್ನು ದಡ ಸೇರಿಸಿದ ತಾಯಂದಿರು ನಮ್ಮಲ್ಲಿದ್ದಾರೆ. ಎಂಟನೆಯ ತರಗತಿಯಲ್ಲಿ ಒಂದು ಮಗುವಿನ ಜೊತೆಯಾದವರು ಅದು ಹತ್ತನ್ನು ಮುಗಿಸುವವರೆಗೆ ಜೊತೆಗಿರುವುದು ನಿಮಗೆ ಸಾಧ್ಯ, ನನಗೆ ಸಾಧ್ಯವಿಲ್ಲ. ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಹೇಳಲೇಬೇಕು. ನ್ವಾರೋರವರ ಕಾಲ ಬೇರೆ, ಇಂದಿನ ಕಾಲ ಬೇರೆ. ಮಕ್ಕಳ ರಕ್ಷಣೆಯ ವಿಷಯದಲ್ಲಿ ಧರ್ಮಸಭೆ ಬಹಳ ನೋವಿನಿಂದ ಪಾಠ ಕಲಿತಿದೆ. ಆದ್ದರಿಂದ ಭೇಟಿಗಳು ತಂದೆತಾಯಿಯ ಅರಿವಿನಲ್ಲಿ, ಬಾಗಿಲು ತೆರೆದಿರುವ ಸ್ಥಳದಲ್ಲಿ, ಇತರರ ಕಣ್ಣಳತೆಯಲ್ಲೇ ನಡೆಯಬೇಕು. ಇದು ಗುರುಗಳಿಗೂ ಅನ್ವಯಿಸುತ್ತದೆ. ಇದನ್ನು ಅವಮಾನವೆಂದು ತಿಳಿಯುವವರು ಈ ಕೆಲಸಕ್ಕೆ ಬಾರದಿರುವುದು ಒಳ್ಳೆಯದು.

ಧರ್ಮೋಪದೇಶದ ಕೊಠಡಿಯ ಬೀಗದ ಕೈಗಳನ್ನು ಕಳೆದ ಜೂನಿನಲ್ಲಿ ಪಾಲನಾ ಪರಿಷತ್ತಿನ ಇಬ್ಬರು ಸದಸ್ಯರಿಗೆ ಒಪ್ಪಿಸಿದ್ದೇನೆ. ನನ್ನ ಬಳಿ ಒಂದೂ ಇಟ್ಟುಕೊಂಡಿಲ್ಲ. ದೇವಾಲಯ ಕಟ್ಟಲು ನೆರವಾದ ದಾನಿಗಳ ಪಟ್ಟಿ ಈ ಸಂಚಿಕೆಯಲ್ಲಿ ಅಚ್ಚಾಗಿದೆ. ಕಳೆದ ನೂರು ವರ್ಷಗಳಲ್ಲಿ ನಿಮ್ಮನ್ನಾಗಲಿ, ನಿಮ್ಮ ತಂದೆತಾಯಿಯರನ್ನಾಗಲಿ ಹೈಸ್ಕೂಲು ದಾಟಿಸಿದ ಹಿರಿಯರ ಹೆಸರು ನೆನಪಿರುವವರು ಭಾನುವಾರದ ಪೂಜೆಯ ನಂತರ ಕಚೇರಿಗೆ ಬಂದು ತಿಳಿಸಬೇಕೆಂದು ವಿನಂತಿಸುತ್ತೇನೆ. ಅದಕ್ಕಾಗಿ ದಪ್ಪ ರಟ್ಟಿನ ಹೊಸ ಪುಸ್ತಕವೊಂದನ್ನು ತರಿಸಿ ಇಟ್ಟಿದ್ದೇನೆ.