ತೋಟಕ್ಕೆ ಯಾವ ಬೆರಿ? ಶಿಕಾರಿಪುರ, ಸೊರಬದ ಹವೆಗೆ ಒಗ್ಗುವ ಕಿರುಹಣ್ಣುಗಳು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿವೆ. ಸೊರಬದ ಪಶ್ಚಿಮಕ್ಕೆ, ಚಂದ್ರಗುತ್ತಿಯ ಕಡೆ ಮಳೆ ಹೆಚ್ಚು. ಪೂರ್ವಕ್ಕೆ ಸರಿದು ಶಿಕಾರಿಪುರ ದಾಟುವಷ್ಟರಲ್ಲಿ ಅದು ಗಣನೀಯವಾಗಿ ಇಳಿಯುತ್ತದೆ. ಆದ್ದರಿಂದ ಒಂದು ತಾಲ್ಲೂಕಿನಲ್ಲಿ ಚೆನ್ನಾಗಿ ಫಲಿಸಿದ ಗಿಡ ಪಕ್ಕದ ತಾಲ್ಲೂಕಿನ ಹಿತ್ತಲಲ್ಲೂ ಹಾಗೆಯೇ ಫಲಿಸುತ್ತದೆಂದು ಭಾವಿಸುವಂತಿಲ್ಲ.

ಬೆರಿ ಎಂದೊಡನೆ ನೆನಪಾಗುವುದು ಸ್ಟ್ರಾಬೆರಿ. ಭಾರತದಲ್ಲಿ ಅದಕ್ಕೆ ಹೆಸರಾದ ಮಹಾಬಲೇಶ್ವರ 1300 ಮೀಟರಿಗೂ ಎತ್ತರದಲ್ಲಿದೆ. ಈ ಎರಡು ತಾಲ್ಲೂಕುಗಳ ಎತ್ತರ ಸುಮಾರು 600 ಮೀಟರ್ ಮಾತ್ರ. ಅಕ್ಟೋಬರಿನಲ್ಲಿ ಕುಂಡದಲ್ಲಿ ನೆಟ್ಟರೆ ಚಳಿಗಾಲದಲ್ಲಿ ಒಂದಿಷ್ಟು ಹಣ್ಣು ದೊರೆಯಬಹುದು. ಏಪ್ರಿಲ್ ಬಿಸಿಲಿಗೆ ಗಿಡ ಸೊರಗುತ್ತದೆ, ಉಳಿದದ್ದು ಮಳೆಗಾಲದಲ್ಲಿ ಕೊಳೆಯುತ್ತದೆ. ಪ್ರತಿವರ್ಷ ಹೊಸ ಸಸಿ ಕೊಳ್ಳಲು ಸಿದ್ಧರಿದ್ದವರಿಗೆ ಮಾತ್ರ ಇದು ತಕ್ಕದ್ದು. ಬ್ಲೂಬೆರಿಗೆ ಮಣ್ಣಿನ ರಸಸಾರ 4.5ರಿಂದ 5.5ರ ಒಳಗಿರಬೇಕು, ಜೊತೆಗೆ ಚಳಿಯೂ ಬೇಕು. ಅದನ್ನು ಬಿಡುವುದೇ ಲೇಸು.

ಈ ನೆಲದ ನಿಜವಾದ ಬೆರಿ ಕವಳಿ. ಬೇಣ, ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಈ ಮುಳ್ಳುಪೊದೆಗೆ ಬಡ ಮಣ್ಣು, ಬಿಸಿಲು ಎರಡೂ ಸಹ್ಯ. ಬೇರಿನಲ್ಲಿ ನೀರು ನಿಲ್ಲುವುದೊಂದೇ ಅಸಹ್ಯ. ಒಂದು ಮೀಟರ್ ಅಂತರದಲ್ಲಿ ನೆಟ್ಟು ಸವರುತ್ತ ಬಂದರೆ ಜಾನುವಾರು ನುಗ್ಗದ ಬೇಲಿಯೂ ಆಗುತ್ತದೆ. ತಂತಿಬೇಲಿ ಬಂದ ಮೇಲೆ ಇದನ್ನು ಕಡಿದು ಹಾಕಿದವರು ಈಗ ಉಪ್ಪಿನಕಾಯಿಗೆ ಕವಳಿಯನ್ನು ಸಂತೆಯಲ್ಲಿ ಹುಡುಕುವಂತಾಗಿದೆ. ಎಳೆಗಾಯಿ ಹುಳಿ, ಒಗರು, ಸೊನೆ ಕೂಡಿದ್ದು. ಮಳೆ ಹಿಡಿಯುವ ಹೊತ್ತಿಗೆ ಕಪ್ಪಾಗುವ ಹಣ್ಣು ಸಿಹಿಹುಳಿ. ಪೆಕ್ಟಿನ್ ಹೇರಳವಾಗಿರುವುದರಿಂದ ಜೆಲ್ಲಿ ಸುಲಭವಾಗಿ ಗಟ್ಟಿಯಾಗುತ್ತದೆ. ಬೀಜ ಒಣಗಿದರೆ ಮೊಳಕೆಯ ಶಕ್ತಿ ಬೇಗ ಕುಂದುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಬೀಜದ ಗಿಡಗಳ ರುಚಿಯಲ್ಲಿ ವ್ಯತ್ಯಾಸವಿರುವುದರಿಂದ, ಹಣ್ಣನ್ನು ತಿಂದು ನೋಡಿ ತಾಯಿಗಿಡವನ್ನು ಆರಿಸುವುದು ಒಳ್ಳೆಯದು.

ಸಿಹಿಯನ್ನೇ ಬಯಸುವವರು ಹಿಪ್ಪುನೇರಳೆಯನ್ನು ನೆಡಬಹುದು. ಪೆನ್ಸಿಲ್ ಗಾತ್ರದ ಕಡ್ಡಿಯಿಂದಲೇ ಬೇರು ಬರುತ್ತದೆ. ಆದರೆ ಒಂದು ಎಚ್ಚರಿಕೆ: ರೇಷ್ಮೆ ಬೆಳೆಗಾರರ ಬಳಿಯಿರುವ ವಿ-1ರಂತಹ ತಳಿಗಳನ್ನು ಸೊಪ್ಪಿಗಾಗಿ ಆಯ್ದು ಬೆಳೆಸಲಾಗಿದೆ. ಗಂಡು ಹೂವಷ್ಟೇ ಬಿಡುವ ಗಿಡಗಳೂ ಇವೆ. ಹಣ್ಣು ಬಿಟ್ಟಿದ್ದನ್ನು ಕಣ್ಣಾರೆ ಕಂಡ ಗಿಡದಿಂದಲೇ ಕಡ್ಡಿ ತರಬೇಕು. ಸವರಿದ ನಂತರದ ಹೊಸ ಚಿಗುರಿನಲ್ಲಿ ಹಣ್ಣು ಬರುತ್ತದೆ. ಹಕ್ಕಿಗಳ ಪಾಲನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಶಿಕಾರಿಪುರದ ಒಣ ಭಾಗಕ್ಕೆ ಫಾಲ್ಸಾ ಹೊಂದುತ್ತದೆ. ಚಳಿಗಾಲದಲ್ಲಿ ಸವರಿದರೆ ಬೇಸಿಗೆಯಲ್ಲಿ ಪಾನಕಕ್ಕೆ ಹಣ್ಣು ಸಿದ್ಧ. ಕಿತ್ತ ಮೇಲೆ ಒಂದೆರಡು ದಿನಕ್ಕಿಂತ ಹೆಚ್ಚು ತಾಳದು. ಸೊರಬದ ತಂಪು ತೋಟಗಳಲ್ಲಿ, ಹುಳಿ ಮೆಚ್ಚುವವರಿಗೆ ಮುರುಗಲು ಸೂಕ್ತ. ಬೀಜದಿಂದ ಬೆಳೆದ ಮುರುಗಲುಗಳಲ್ಲಿ ಅನೇಕವು ಗಂಡು ಮರಗಳಾಗಿ ಹೊರಟು ವರ್ಷಗಳ ಕಾಯುವಿಕೆ ವ್ಯರ್ಥವಾಗುವುದರಿಂದ ಕಸಿ ಗಿಡವನ್ನೇ ಕೊಳ್ಳಬೇಕು.

ಯಾವುದನ್ನೇ ಆರಿಸಿದರೂ ಜೂನ್ ತಿಂಗಳ ಮೊದಲ ಮಳೆಯ ನಂತರ ನೆಡುವುದು ಸೂಕ್ತ. ಸೊರಬದ ಕಡೆ ಗುಣಿಯ ಸುತ್ತ ಮಣ್ಣು ಏರಿಸಿ ನೀರು ಹರಿದುಹೋಗುವಂತೆ, ಶಿಕಾರಿಪುರದ ಕಡೆ ಪಾತಿ ಮಾಡಿ ನೀರು ಇಂಗುವಂತೆ ನೋಡಿಕೊಳ್ಳಬೇಕು.