ಬೀಸೋ ಕಲ್ಲಿನಿಂದ ಲೇಸರ್‌ವರೆಗೆ: ಒರಟು ಮೈಯ ಚರಿತ್ರೆ

ಬೀಸೋ ಕಲ್ಲು ಸವೆದು ನುಣ್ಣಗಾದರೆ ರಾಗಿ ಹಿಟ್ಟಾಗುವುದಿಲ್ಲ. ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತಾ ಬರುವವರನ್ನು ಕರೆದು ನಮ್ಮ ಮನೆಗಳಲ್ಲಿ ಕಲ್ಲು ಕುಟ್ಟಿಸುತ್ತಿದ್ದರು. ಆ ಸಣ್ಣ ಗುಳಿಗಳಿದ್ದರೇ ಕೆಲಸ.

ಉತ್ತರ ಬೆಂಗಳೂರಿನ ಯಂತ್ರಗಳ ಚರಿತ್ರೆಯೂ ಇದೇ ಜಾಡಿನದು. ಜಾಲಹಳ್ಳಿಯ ಎಚ್‌ಎಂಟಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಶುರುವಾಯಿತು. ನಮಗೆಲ್ಲ ಎಚ್‌ಎಂಟಿ ಅಂದರೆ ವಾಚು. ಆದರೆ ಅದಕ್ಕೂ ಮುಂಚೆ ಅಲ್ಲಿ ತಯಾರಾಗಿದ್ದು ಲೇತ್.

ಲೇತಿನ ಬೆಡ್ ಮೇಲೆ ಭಾರದ ಭಾಗ ಹಿಂದೆ ಮುಂದೆ ಜಾರಬೇಕು. ಎರಡೂ ಮೈ ಕನ್ನಡಿಯಷ್ಟು ನುಣುಪಾದರೆ ನಡುವೆ ಎಣ್ಣೆ ನಿಲ್ಲದೆ ಕಚ್ಚಿಕೊಳ್ಳುತ್ತವೆ. ಅದಕ್ಕೇ ಸ್ಕ್ರೇಪಿಂಗ್ ಎಂಬ ಕೈಕೆಲಸ. ಸಮತಟ್ಟಾದ ಅಳತೆ ಪ್ಲೇಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಬೆಡ್ ಮೇಲೆ ಉಜ್ಜುತ್ತಾರೆ. ಬಣ್ಣ ಹತ್ತಿದ ಜಾಗವೇ ಉಬ್ಬು. ಅದನ್ನು ಉಳಿಯಂಥ ಸಲಕರಣೆಯಿಂದ ಕೆರೆದು ತೆಗೆಯಬೇಕು. ಮತ್ತೆ ಬಣ್ಣ, ಮತ್ತೆ ಕೆರೆತ. ದಿನಗಟ್ಟಲೆ ಹಿಡಿಯುವ ಕೆಲಸ! ಕೊನೆಗೆ ಉಳಿಯುವ ಸಣ್ಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಹಾಗೆ ಕೆರೆದ ಫಿಟ್ಟರ್‌ಗಳ ಹೆಸರು ಯಾವ ಯಂತ್ರದ ಮೇಲೂ ಇಲ್ಲ. ಮಾದರಿ ಸಂಖ್ಯೆ ಮಾತ್ರ ಇದೆ. ನಿಮ್ಮೂರಿನಲ್ಲಿ ಅಂಥ ನಿವೃತ್ತರಿದ್ದರೆ ಒಮ್ಮೆ ಕೂತು ಕೇಳಿ, ಬರೆದಿಡಿ.

ನಿಮ್ಮ ಬೈಕಿನ ಬೋರ್ ಮಾಡಿಸಿದಾಗ ಸಿಲಿಂಡರ್ ಒಳಗೆ ಅಡ್ಡಾದಿಡ್ಡಿ ಗೆರೆ ಕಂಡಿರಬಹುದು. ಅದೂ ಎಣ್ಣೆ ಹಿಡಿಯಲಿಕ್ಕೇ.

1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ಉರಿಸಿದರು. ಎರಡು ವರ್ಷಕ್ಕೆ, 1962ರಲ್ಲಿ, ಯಶವಂತಪುರದ ತುಮಕೂರು ರಸ್ತೆಯಲ್ಲಿ ಕೇಂದ್ರ ಸರ್ಕಾರದ ಮಷಿನ್ ಟೂಲ್ ಸಂಸ್ಥೆ ಹುಟ್ಟಿತು. ಇಂದಿನ ಸಿಎಂಟಿಐ ಅದೇ. ಆಗ ಈ ಎರಡಕ್ಕೂ ನಂಟೇನೂ ಇರಲಿಲ್ಲ. 1990ರ ದಶಕದಲ್ಲಿ ಇಸ್ರೇಲಿನ ಇಜಾಕ್ ಎಟ್ಸಿಯಾನ್ ತಂಡ ಯಂತ್ರದ ಸೀಲ್‌ಗಳ ಮೇಲೆ ಲೇಸರ್‌ನಿಂದ ಸಾಲು ಸಾಲು ಗುಳಿ ಕೊರೆದು, ಉಜ್ಜಾಟ ತಗ್ಗುವುದನ್ನು ತೋರಿಸಿತು. ಗುಳಿಯ ಅಗಲ ಸುಮಾರು ಕೂದಲೆಳೆಯಷ್ಟು, ಆಳ ಕೆಲವೇ ಮೈಕ್ರಾನ್.

ಸಾಮಾನ್ಯ ಲೇಸರ್ ತಾಗಿದರೆ ಲೋಹ ಕರಗಿ ಗುಳಿಯ ಅಂಚು ಉಬ್ಬುತ್ತದೆ. ಫೆಮ್ಟೊಸೆಕೆಂಡ್ ಲೇಸರ್‌ನ ಮಿಡಿತ ಸೆಕೆಂಡಿನ ಲಕ್ಷ ಕೋಟಿ ಪಾಲಿಗಿಂತಲೂ ಚಿಕ್ಕದು. ಬಿಸಿ ಹರಡುವಷ್ಟರಲ್ಲಿ ಲೋಹ ಆವಿಯಾಗಿರುತ್ತದೆ, ಅಂಚು ಚೊಕ್ಕ. ಇಂಥ ಮಿಡಿತಕ್ಕೆ ಬಲ ತುಂಬುವ ದಾರಿಯನ್ನು 1985ರಲ್ಲಿ ಕಂಡುಕೊಂಡ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಇದೇ ಲೇಸರ್‌ನಿಂದ ನೀರು ಅಂಟದ ಲೋಹವನ್ನೂ ಮಾಡಬಹುದು. ಮಳೆಯಲ್ಲಿ ಕೆಸುವಿನ ಎಲೆಯ ಮೇಲೆ ಹನಿ ಮಣಿಯಂತೆ ಉರುಳುವುದನ್ನು ನೋಡಿದ್ದೀರಲ್ಲ? ಆ ಎಲೆಯೂ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿಂದಲೇ ತುಂಬಿದೆ.